ಫೋನು ಕೇಳಿಸಿಕೊಳ್ಳಲಿ, ಮಗು ಮಾತಾಡಲಿ

ಅಂಗನವಾಡಿಗೆ ಟಿವಿ ಬಂತು, ಎಲ್‌ಕೆಜಿ ಕೋಣೆಗೆ ಟ್ಯಾಬ್ ಬಂತು ಅಂತ ಯಾರಾದರೂ ಖುಷಿಯಿಂದ ಹೇಳಿದಾಗ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಅದು ಬಂದ ಮೇಲೆ, ಅಲ್ಲಿವರೆಗೆ ಸುಮ್ಮನೆ ಕೂತಿರುತ್ತಿದ್ದ ಯಾವ ಮಗು ಬಾಯಿ ಬಿಟ್ಟಿತು? ಪರದೆ ಎಷ್ಟು ದೊಡ್ಡದು, ಒಳಗೆ ಎಷ್ಟು ಹಾಡಿವೆ, ನೆಟ್‌ವರ್ಕ್ ಹೇಗಿದೆ ಎನ್ನುವುದೆಲ್ಲ ಆಮೇಲಿನ ಮಾತು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಶಾಲಾಪೂರ್ವ ಶಿಕ್ಷಕಿಯರ ಜೊತೆ ಓಡಾಡಿಕೊಂಡು ಕೆಲಸ ಮಾಡುವವಳು ನಾನು. ಮೂರರಿಂದ ಆರು ವರ್ಷದ ಮಕ್ಕಳ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ನನಗೆ ಕಾಣುವುದಿಲ್ಲ.

ನಮ್ಮ ಕಡೆಯ ಕೋಣೆಗಳಲ್ಲಿ ಯಾರ್ಯಾರು ಕೂತಿರುತ್ತಾರೆ ನೋಡಿ. ಹಳೇ ಹುಬ್ಬಳ್ಳಿಯ ಅಂಗನವಾಡಿಗಳಲ್ಲಿ ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳು ಬಹಳ. ರೈಲ್ವೆ ಕ್ವಾರ್ಟರ್ಸ್ ಸುತ್ತಮುತ್ತ ತೆಲುಗು ಮನೆಗಳಿವೆ. ಧಾರವಾಡದ ಕೆಲವು ಓಣಿಗಳಲ್ಲಿ ಮರಾಠಿ ಕೇಳುತ್ತದೆ. ಕಲಘಟಗಿಯ ಕಾಡಂಚಿಗೆ ಹೋದರೆ ಗೌಳಿಗರ, ಸಿದ್ದಿಯರ ಮಕ್ಕಳು. ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳಲ್ಲಿ ಅಮ್ಮನನ್ನು ಯಾಡಿ ಎಂದು ಕರೆಯುವ ಲಂಬಾಣಿ ಮಕ್ಕಳು. ಇವರಲ್ಲಿ ಎಷ್ಟೋ ಮಕ್ಕಳ ಅಪ್ಪ-ಅಮ್ಮ ಬೇಸಿಗೆಗೆ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ, ಇಲ್ಲ ಅವರ ಜೊತೆಗೇ ಹೋಗಿ ಮಳೆಗಾಲಕ್ಕೆ ಮತ್ತೆ ಬರುತ್ತದೆ. ಬಂದಾಗ ಅದರ ಬಾಯಲ್ಲಿ ಹಿಂದಿ, ಕೊಂಕಣಿ ಎಲ್ಲ ಸ್ವಲ್ಪ ಸ್ವಲ್ಪ ಸೇರಿಕೊಂಡಿರುತ್ತದೆ.

ಇದರ ಜೊತೆಗೆ ಕಿವಿ ಮಂದವಿರುವ ಮಗು, ಕಣ್ಣು ಸರಿಯಾಗಿ ಕಾಣದ ಮಗು, ಸೆರೆಬ್ರಲ್ ಪಾಲ್ಸಿಯಿಂದ ಕೈ ಬಿಗಿಯಾಗಿರುವ ಮಗು, ಆಟಿಸಂ ಇರುವ ಮಗು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಆದರೆ ಮೂರು ವರ್ಷದ ಮಗು ಕೈಯಲ್ಲಿ ಸರ್ಟಿಫಿಕೇಟ್ ಹಿಡಿದುಕೊಂಡು ಬರುವುದಿಲ್ಲ ಅಲ್ವಾ? ತಾಯಿ ಬಾಗಿಲಲ್ಲಿ ನಿಂತು ಹೇಳುತ್ತಾರೆ: "ಇವಂಗ ಮಾತು ಜರಾ ತಡಾ ಅದಾವ್ರಿ ಅಕ್ಕೋರ. ಅವರಪ್ಪಗೂ ಹಂಗ ಆಗಿತ್ತಂತ. ಬರ್ತಾವ ಬಿಡ್ರಿ." ಆ ಮಗುವಿಗೆ ಕಿವಿ ಕೇಳುತ್ತಿಲ್ಲವೋ, ಮನೆಯ ಭಾಷೆ ಬೇರೆಯೋ, ಬರೀ ನಾಚಿಕೆಯೋ, ಬೇರೆ ಏನಾದರೂ ಇದೆಯೋ, ಮೊದಲ ವಾರ ಯಾರಿಗೂ ಗೊತ್ತಾಗುವುದಿಲ್ಲ. ಇಂಥ ಕೋಣೆಗೆ ಏನು ತಂದಿಟ್ಟರೆ ಉಪಯೋಗ ಅನ್ನುವುದೇ ನನ್ನ ಯೋಚನೆ.

ಹೆಚ್ಚಿನ ಕಡೆ ಮೊದಲು ಬರುವುದು ಟಿವಿ. ಶಿಶುಗೀತೆಗಳು, ಬಣ್ಣ ಬಣ್ಣದ ಪ್ರಾಣಿಗಳು. ಹಾಕಿದ ಕೂಡಲೇ ಮಕ್ಕಳು ಗಪ್‌ಚಿಪ್. ಮೂವತ್ತು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಶಿಕ್ಷಕಿಗೆ ಆ ಹತ್ತು ನಿಮಿಷ ಎಷ್ಟು ದೊಡ್ಡದು ಎಂದು ನನಗೆ ಚೆನ್ನಾಗಿ ಗೊತ್ತು. ಅಡುಗೆ ನೋಡಬೇಕು, ತೂಕ ಬರೆಯಬೇಕು, ಬಾಣಂತಿಯೊಬ್ಬರು ಬಂದು ಕಾಯುತ್ತಿರುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಆದರೆ ಮಕ್ಕಳು ಗಪ್‌ಚಿಪ್ ಆದರು ಅಂದರೆ ಕಲಿತರು ಅಂತ ಅರ್ಥವಲ್ಲ. ಅದರಲ್ಲೂ ಪರದೆಯ ಕನ್ನಡ ಮನೆಯಲ್ಲಿ ಕೇಳದ ಮಗುವಿಗೆ ಅದು ಬರೀ ಬಣ್ಣ ಮತ್ತು ಸದ್ದು.

2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಜೊತೆ ಚೀನೀ ಭಾಷೆಯವರು ಕೂತು ಆಡಿದರು, ಪುಸ್ತಕ ತೋರಿಸಿ ಮಾತಾಡಿದರು. ಒಟ್ಟು 12 ಸಲ. ಆ ಕೂಸುಗಳು ಚೀನೀ ಭಾಷೆಯ ಧ್ವನಿಗಳನ್ನು ಬೇರೆ ಬೇರೆಯಾಗಿ ಗುರುತಿಸುವುದನ್ನು ಕಲಿತವು. ಅದೇ ಜನ, ಅದೇ ಮಾತು, ಆದರೆ ಟಿವಿಯಲ್ಲಿ ನೋಡಿದ ಕೂಸುಗಳು ಕಲಿಯಲಿಲ್ಲ. ಬರೀ ಧ್ವನಿ ಕೇಳಿಸಿಕೊಂಡ ಗುಂಪೂ ಕಲಿಯಲಿಲ್ಲ. ಎದುರಿಗೆ ಕೂತು, ಕಣ್ಣು ನೋಡಿ, ಕೂಸು ಕಿಲಕಿಲ ಅಂದಾಗ ತಾನೂ ನಗುವ ಮನುಷ್ಯರು ಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ಹೇಳಿತು. ಮನೆಯಲ್ಲಿ ಊಟ ಮಾಡಿಸಲು ಫೋನು ತೋರಿಸಿದ್ದರಲ್ಲೇ ಆ ಗಂಟೆ ಮುಗಿದಿರುತ್ತದೆ. ಇನ್ನು ಕೋಣೆಯಲ್ಲಿ ಯಾವ ಲೆಕ್ಕದಲ್ಲಿ ತೋರಿಸುವುದು?

ಹಾಗಂತ ಫೋನನ್ನು ಹೊರಗಿಡಿ ಅಂತ ನಾನು ಹೇಳುತ್ತಿಲ್ಲ. ಫೋನಿನಲ್ಲಿ ಪರದೆ ಒಂದೇ ಇಲ್ಲ. ಮೈಕ್ ಇದೆ, ಕ್ಯಾಮೆರಾ ಇದೆ. ಚಿಕ್ಕ ಮಕ್ಕಳ ಕೋಣೆಯಲ್ಲಿ ನನಗೆ ಅತಿ ಹೆಚ್ಚು ಬೆಲೆಯುಳ್ಳವಾಗಿ ಕಂಡದ್ದು ಆ ಎರಡೇ.

ಶಿರಹಟ್ಟಿ ಕಡೆಯ ಒಂದು ತಾಂಡಾದ ಅಂಗನವಾಡಿಯಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಳು. ಅಪ್ಪ-ಅಮ್ಮ ಗೋವಾದಲ್ಲಿ. ಅಜ್ಜಿ ಬೆಳಿಗ್ಗೆ ಬಿಟ್ಟು ಹೋಗುತ್ತಿದ್ದರು. ಕಿವಿ ಕೇಳುತ್ತಿತ್ತು, ಊಟ ಮಾಡುತ್ತಿದ್ದಳು, ಆಡುವಾಗ ಓಡುತ್ತಿದ್ದಳು. ಮಾತು ಮಾತ್ರ ಇಲ್ಲ. ಅಲ್ಲಿನ ಕಾರ್ಯಕರ್ತೆ ಕನ್ನಡದವರು, ಲಂಬಾಣಿ ಬರುವುದಿಲ್ಲ. ಅವರು ಒಂದು ದಿನ ಸಂಜೆ ಅಜ್ಜಿಯ ಮನೆಗೆ ಹೋಗಿ, "ನಿಮ್ಮ ಮಮ್ಮಗಳಿಗೆ ಹೇಳ್ತೀರಲ್ಲ, ಅಂಥಾದೊಂದು ಕತಿ ಹೇಳ್ರಿ ಅಮ್ಮಾ" ಅಂತ ಕೇಳಿ ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡರು. ಎರಡೇ ನಿಮಿಷ. ಬಾಗಿಲು ಮುಂದೆ ಮಾಡಿ, ಫೋನನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿದು. ಮಾರನೇ ದಿನ ಮಕ್ಕಳನ್ನೆಲ್ಲ ಸುತ್ತ ಕೂರಿಸಿ ಸಣ್ಣ ಸ್ಪೀಕರ್‌ನಲ್ಲಿ ಹಾಕಿದರು.

ಹುಡುಗಿ ಎದ್ದು ನಿಂತಳು. ಸ್ಪೀಕರ್ ಹತ್ತಿರ ಬಂದು ಕೂತಳು. ಉಳಿದ ಮಕ್ಕಳು "ಏನಂತಾಳ್ರಿ ಅಕ್ಕೋರ ಅಜ್ಜಿ?" ಅಂತ ಕೇಳಿದರು. ಅಕ್ಕೋರಿಗೆ ಗೊತ್ತಿಲ್ಲ. ಊಹೆ ಮಾಡಿ, "ನಾಯಿ ಬಂತು ಅಂತಾಳೇನ ನೋಡು" ಅಂದರು. ಹುಡುಗಿ ತಲೆ ಅಲ್ಲಾಡಿಸಿದಳು. ಅಕ್ಕೋರು ಮತ್ತೆ ಅದನ್ನೇ ಅಂದರು. ಆಗ ಅವಳು, "ನಾಯಿ ಅಲ್ಲ, ನರಿ" ಅಂದಳು. ಕನ್ನಡದಲ್ಲೇ. ಅಂದರೆ ಅಷ್ಟು ದಿನ ಅವಳು ಕೇಳಿಸಿಕೊಳ್ಳುತ್ತಲೇ ಇದ್ದಳು. ಹೇಳಲು ಅವಳ ಹತ್ತಿರ ಏನೋ ಇದೆ, ಅದು ಈ ಕೋಣೆಗೆ ಬೇಕಾಗಿದೆ ಎನ್ನುವ ಸಂದರ್ಭ ಮಾತ್ರ ಬಂದಿರಲಿಲ್ಲ. ಆಮೇಲೆ ಆ ಕತೆ ದಿನಾ ಬೇಕಾಯಿತು. ನರಿಯ ಪಾತ್ರ ಮಾಡಲು ಜಗಳ ಶುರುವಾಯಿತು. ಯಾರು ನರಿ ಆಗಬೇಕೆಂದು ಹೇಳುವವಳು ಅವಳೇ.

ಬರೀ ಧ್ವನಿ ಕೇಳಿದ ಕೂಸುಗಳು ಕಲಿಯಲಿಲ್ಲ ಅಂತ ಈಗಷ್ಟೇ ಹೇಳಿದಿರಿ, ಹಾಗಿದ್ದರೆ ಇದು ಹೇಗೆ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಆ ಮುದ್ರಿಕೆ ಯಾರಿಗೂ ಲಂಬಾಣಿ ಕಲಿಸಲಿಲ್ಲ. ಆ ಹುಡುಗಿಗೆ ಅದು ಆಗಲೇ ಬರುತ್ತಿತ್ತು. ಮುದ್ರಿಕೆ ಮಾಡಿದ ಕೆಲಸ ಬೇರೆ. ಇಡೀ ಕೋಣೆ ಅವಳ ಕಡೆ ತಿರುಗಿ ಕೂರುವ ಹಾಗೆ ಮಾಡಿತು. ಕಲಿಕೆ ಆದದ್ದು ಅದರ ಸುತ್ತ ಕೂತ ಮನುಷ್ಯರ ನಡುವೆ. ಅಕ್ಕೋರು ಸ್ಪೀಕರ್ ಹಾಕಿ ಒಳಗೆ ಹೋಗಿಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತವಾಗಿ ನೋಡುತ್ತದೆ, ಸಾಧ್ಯವಾದಷ್ಟೂ ಮನೆಮಾತಿನಲ್ಲಿ ಕಲಿಸಿ ಅನ್ನುತ್ತದೆ. ಒಂದೇ ಕೋಣೆಯಲ್ಲಿ ಮೂರು ಮನೆಮಾತು ಇದ್ದರೆ ಶಿಕ್ಷಕಿ ಏನು ಮಾಡಬೇಕು? ಮೂರೂ ಭಾಷೆ ಕಲಿಯಲು ಆಗುವುದಿಲ್ಲ. ಆದರೆ ಮೂರು ಮನೆಗಳ ಧ್ವನಿಯನ್ನು ಫೋನಿನಲ್ಲಿ ತರಬಹುದು. ಗೋವಾದಲ್ಲಿರುವ ಅಪ್ಪ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸಬಹುದು: ಇವತ್ತು ಏನು ಊಟ ಮಾಡಿದೆ, ಸಮುದ್ರ ನೋಡಿದೆ, ಒಂದರಿಂದ ಹತ್ತು ಎಣಿಸು ನೋಡೋಣ. ಉರ್ದು ಮನೆಯ ತಾಯಿ ಜೋಗುಳ ಹಾಡಬಹುದು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ, ಮಕ್ಕಳ ಕತೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಚಿತ್ರಗಳನ್ನು ಆರಿಸಿ ನಮ್ಮದೇ ಮಾತು ಬರೆದು ಪುಸ್ತಕ ಮಾಡಬಹುದು, ಪುಕ್ಕಟೆ ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಅಜ್ಜಿಯ ಕತೆಗೆ ಅಂಥ ಒಂದು ಪುಸ್ತಕ ಆದರೆ, ಮಗು ಅದನ್ನು ಮನೆಗೆ ಒಯ್ದು ಅಜ್ಜಿಗೇ ತೋರಿಸುತ್ತದೆ.

ಧ್ವನಿಯ ವಿಷಯದಲ್ಲೇ ಇನ್ನೊಂದು ಮಾತು. ಮಗು ಓದಿದ್ದನ್ನು ಕೇಳಿ ತಪ್ಪು-ಸರಿ ಹೇಳುವ ಆಪ್‌ಗಳು ಈಗ ಬರುತ್ತಿವೆ. ದೊಡ್ಡವರ ಮಾತಿನ ಮೇಲೆ ತಯಾರಾದ ಇಂಥ ತಂತ್ರಜ್ಞಾನಕ್ಕೆ ಮಕ್ಕಳ ಮಾತು ಹಿಡಿಯುವುದು ಕಷ್ಟ. ಗಂಟಲು ಸಣ್ಣದು, ಉಚ್ಚಾರ ಇನ್ನೂ ಬಲಿಯುತ್ತಿರುತ್ತದೆ. ಅದರ ಮೇಲೆ ನಮ್ಮ ಮಕ್ಕಳ ಧಾಟಿ ಬೇರೆ. "ನಾ ಬರಂಗಿಲ್ಲ", "ಅಲ್ಲೆ ಐತಿ" ಅನ್ನುವ ಮಗುವಿಗೆ ಯಂತ್ರ ಕೆಂಪು ಗುರುತು ತೋರಿಸಿದರೆ, ಅದು ತನ್ನ ತಾಯಿ ಆಡುವ ಮಾತೇ ತಪ್ಪು ಅಂತ ತಿಳಿಯುತ್ತದೆ. ಆರು ವರ್ಷದೊಳಗೆ ಇಂಥ ಆಪ್‌ನಿಂದ ತೀರ್ಪು ಕೊಡಿಸುವುದು ನನಗೆ ಬೇಡವೇ ಬೇಡ.

ಇನ್ನು ಬಾಯಿಂದ ಮಾತೇ ಬಾರದ ಮಕ್ಕಳು. ಇಲ್ಲಿ ಕ್ಯಾಮೆರಾ ಬೇಕು.

ಹುಬ್ಬಳ್ಳಿಯ ಒಂದು ಶಿಶುವಿಹಾರದಲ್ಲಿ ಐದು ವರ್ಷದ ಹುಡುಗನೊಬ್ಬ. ಆಟಿಸಂ ಇದೆ ಎಂದು ಡಾಕ್ಟರು ಹೇಳಿದ್ದರು. ಬೇಕಾದ್ದನ್ನು ಹೇಳಲಾಗದೆ ನೆಲಕ್ಕೆ ತಲೆ ಬಡಿದುಕೊಳ್ಳುತ್ತಿದ್ದ. ಅವನ ಟೀಚರ್ ಫೋನಿನಲ್ಲಿ ಅವನ ದಿನದ ಫೋಟೋಗಳನ್ನು ತೆಗೆದರು. ಅವನದೇ ನೀರಿನ ಬಾಟಲಿ, ಅವನದೇ ಚಪ್ಪಲಿ, ಅದೇ ಕೋಣೆಯ ಜಾರುಬಂಡಿ, ಶೌಚಾಲಯದ ಅದೇ ನೀಲಿ ಬಾಗಿಲು. ಅಂಗಡಿಯಲ್ಲಿ ಸಿಗುವ ಚಾರ್ಟಿನ ಚಿತ್ರಗಳಲ್ಲ. ಅವುಗಳನ್ನು ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಹಿಂದೆ ವೆಲ್ಕ್ರೊ ಅಂಟಿಸಿದರು. ಬಾಟಲಿಯ ಚಿತ್ರ ತಂದು ಕೈಗೆ ಕೊಟ್ಟರೆ ನೀರು ಸಿಗುತ್ತದೆ. ಅಮೆರಿಕದ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದ ಪೆಕ್ಸ್ ಎಂಬ ಪದ್ಧತಿಯ ಮೂಲವೂ ಇದೇ: ಚಿತ್ರವನ್ನು ಇನ್ನೊಬ್ಬರ ಕೈಗೆ ಕೊಡುವುದು. ಬರೀ ಬೊಟ್ಟು ಮಾಡಿದರೆ ಯಾರೂ ನೋಡದೇ ಇರಬಹುದು. ಕೈಗೆ ಕೊಟ್ಟರೆ ಎದುರಿನವರು ಉತ್ತರ ಕೊಡಲೇಬೇಕು.

ಇದರ ಮುಂದಿನ ಮೆಟ್ಟಿಲು ಟ್ಯಾಬ್. ಚಿತ್ರ ಮುಟ್ಟಿದರೆ ಅದು ಮಾತಾಡುತ್ತದೆ. ಚೆನ್ನೈನಲ್ಲಿ ಹುಟ್ಟಿದ ಆವಾಜ್, ಐಐಟಿ ಬಾಂಬೆಯಲ್ಲಿ ತಯಾರಾದ ಜೆಲ್ಲೊ ಇಂಥ ಆಪ್‌ಗಳು, ಎರಡೂ ನಮ್ಮ ದೇಶದ ಮಕ್ಕಳನ್ನು ನೋಡಿಯೇ ಮಾಡಿದವು. ಅನೇಕ ತಂದೆ-ತಾಯಿ ಇದಕ್ಕೆ ಹೆದರುತ್ತಾರೆ. "ಇದನ್ನ ಕೊಟ್ರ ಬಾಯಿ ಮಾತು ಇದ್ದದ್ದೂ ಹೋಗ್ತದ್ರಿ" ಅನ್ನುತ್ತಾರೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಇದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಹಾಗಾಗುವುದಿಲ್ಲ ಎಂದೇ ಹೇಳಿದ್ದಾರೆ. ಕೆಲವು ಮಕ್ಕಳಲ್ಲಿ ಬಾಯಿ ಮಾತು ಜಾಸ್ತಿಯೇ ಆಗಿದೆ. ಹೇಳಿದ್ದು ಎದುರಿನವರಿಗೆ ತಿಳಿಯುತ್ತದೆ ಅಂತಾದರೆ ಹೇಳಬೇಕು ಅನ್ನಿಸುತ್ತದೆ, ಅಷ್ಟೇ.

ಎರಡು ವಿಷಯಗಳನ್ನು ಮಾತ್ರ ನಾನು ಎಲ್ಲ ಕಡೆ ಒತ್ತಿ ಹೇಳುತ್ತೇನೆ. ಒಂದು, ಟೀಚರ್ ಕೂಡ ಅದೇ ಚಿತ್ರಗಳನ್ನು ಮುಟ್ಟುತ್ತಾ ಮಾತಾಡಬೇಕು. ಮಾತು ಬರುವ ಮಗು ಒಂದು ವರ್ಷ ಸುತ್ತಲಿನವರ ಮಾತು ಕೇಳಿದ ಮೇಲೆ ತಾನೇ ಮೊದಲ ತೊದಲು ಆಡುವುದು? ಚಿತ್ರದಲ್ಲಿ ಮಾತಾಡುವ ಮಗುವಿಗೆ ಯಾರೂ ಚಿತ್ರದಲ್ಲಿ ಮಾತಾಡಿ ತೋರಿಸದೆ, ನೀನು ಮಾತಾಡು ಅಂದರೆ ಹೇಗೆ? ಎರಡು, ಚಿತ್ರಗಳಲ್ಲಿ ಬಿಸ್ಕೀಟು, ನೀರು, ಚೆಂಡು ಮಾತ್ರ ಇದ್ದರೆ ಸಾಲದು. "ಬ್ಯಾಡ" ಅನ್ನುವುದಕ್ಕೆ ಒಂದು ಚಿತ್ರ ಬೇಕು. "ಸಾಕು", "ಇನ್ನೊಮ್ಮೆ", "ನೋವಾಗ್ತದ", "ನೀ ಬಾ" ಬೇಕು. ಆ ಹುಡುಗ ತಲೆ ಬಡಿದುಕೊಳ್ಳುವುದು ಕಡಿಮೆಯಾದದ್ದು ಬಿಸ್ಕೀಟಿನ ಚಿತ್ರದಿಂದ ಅಲ್ಲ. ಬೇಡ ಅಂತ ಹೇಳುವ ದಾರಿ ಸಿಕ್ಕಿದ್ದರಿಂದ, ಮತ್ತು ಹೇಳಿದಾಗ ಟೀಚರ್ ಅದನ್ನು ಮನ್ನಿಸಿದ್ದರಿಂದ.

ಟ್ಯಾಬನ್ನು ಈ ಕೆಲಸಕ್ಕೆ ಮಾತ್ರ ಇಡಿ. ಅದರಲ್ಲೇ ಯೂಟ್ಯೂಬ್ ಇದ್ದರೆ ಮಗು ಅತ್ತ ಹೋಗದೆ ಇರುತ್ತದೆಯೇ? ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಒಂದೇ ಆಪ್ ತೆರೆದು ಪಿನ್ ಮಾಡುವ ಸೌಲಭ್ಯ ಇದೆ, ಅದನ್ನು ಹಾಕಿಡಿ. ಮತ್ತು ಕಾಗದದ ಚಿತ್ರಗಳನ್ನು ಎಸೆಯಬೇಡಿ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಚಾರ್ಜ್ ಮುಗಿದ ಮಧ್ಯಾಹ್ನ ಆ ಮಗುವಿನ ಬಾಯಿ ಮುಚ್ಚಿದ ಹಾಗಾಗಬಾರದು.

ಕಿವಿಯ ವಿಷಯಕ್ಕೆ ಬರುತ್ತೇನೆ. ತಂತ್ರಜ್ಞಾನ ಅಂದ ಕೂಡಲೇ ಎಲ್ಲರೂ ಟ್ಯಾಬ್ ಬಗ್ಗೆ ಮಾತಾಡುತ್ತಾರೆ. ಮಗುವಿನ ಕಿವಿಯ ಹಿಂದೆ ಆಗಲೇ ಇರುವ ಯಂತ್ರವನ್ನು ಯಾರೂ ನೋಡುವುದಿಲ್ಲ. ಶ್ರವಣ ಸಾಧನ ಹಾಕಿಕೊಂಡಿದ್ದಾನೆ, ಸರಿ. ಅದು ನಡೆಯುತ್ತಿದೆಯೇ? ಅದರ ಗುಂಡಿಯಂಥ ಜಿಂಕ್ ಬ್ಯಾಟರಿ ಒಂದು-ಎರಡು ವಾರ ಬಂದರೆ ಹೆಚ್ಚು. ಮೇಲಿನ ಸ್ಟಿಕರ್ ಕಿತ್ತ ಕೂಡಲೇ ಗಾಳಿ ತಾಗಿ ಅದು ಖರ್ಚಾಗತೊಡಗುತ್ತದೆ, ಯಂತ್ರ ಹಾಕಿಕೊಳ್ಳದಿದ್ದರೂ. ಕಿವಿಯೊಳಗೆ ಕೂರುವ ಅಚ್ಚು ಮಗು ಬೆಳೆದಂತೆ ಸಡಿಲವಾಗುತ್ತದೆ, ಆಗ ಕುಂಯ್ ಅಂತ ಸೀಟಿ ಹೊಡೆಯುತ್ತದೆ. ಸೀಟಿ ಕೇಳಿ ಮಕ್ಕಳು ನಗುತ್ತಾರೆ, ಮಗು ಯಂತ್ರ ತೆಗೆದು ಜೇಬಿಗೆ ಹಾಕುತ್ತದೆ. ತಾಯಿ ಬೈದು ಮತ್ತೆ ಹಾಕುತ್ತಾಳೆ. ಅಚ್ಚು ಬದಲಿಸಬೇಕು ಅಂತ ಅವಳಿಗೆ ಯಾರೂ ಹೇಳಿರುವುದಿಲ್ಲ.

ಇದಕ್ಕೆ ಬೆಳಿಗ್ಗೆ ಒಂದು ನಿಮಿಷದ ಆಟ ಇದೆ. ಡೇನಿಯಲ್ ಲಿಂಗ್ ಎಂಬವರು ಕೊಟ್ಟ ಆರು ಧ್ವನಿಗಳು: ಮ್, ಊ, ಆ, ಈ, ಶ್, ಸ್. ತಗ್ಗಿನ ಧ್ವನಿಯಿಂದ ಎತ್ತರದ ಧ್ವನಿವರೆಗೆ ಮಾತಿಗೆ ಬೇಕಾದ್ದೆಲ್ಲ ಇವುಗಳಲ್ಲಿ ಬರುತ್ತದೆ. ಟೀಚರ್ ಬಾಯಿಗೆ ಕಾಗದ ಅಡ್ಡ ಹಿಡಿದು ಒಂದೊಂದೇ ಹೇಳುತ್ತಾರೆ. ಕೇಳಿದಾಗಲೆಲ್ಲ ಮಗು ಒಂದು ಹುಣಸೆ ಬೀಜ ಬಟ್ಟಲಿಗೆ ಹಾಕುತ್ತದೆ. ನಿನ್ನೆ ಆರೂ ಬಿದ್ದಿದ್ದವು, ಇವತ್ತು ಶ್, ಸ್‌ಗೆ ಬೀಜ ಬೀಳಲಿಲ್ಲ ಅಂದರೆ ಬ್ಯಾಟರಿ ನೋಡಿ, ಅಚ್ಚು ನೋಡಿ, ನೆಗಡಿ ಆಗಿದೆಯೇ ನೋಡಿ. ಕೋಣೆಯ ಮಕ್ಕಳಿಗೆಲ್ಲ ಈ ಆಟ ಆಡಿಸಿದರೆ ಇನ್ನೂ ಒಳ್ಳೆಯದು. ಯಂತ್ರ ಇಲ್ಲದ, ಆದರೆ ಕಿವಿ ಸೋರಿ ಕೇಳದಾಗಿರುವ ಇನ್ನೊಂದು ಮಗುವೂ ಗೊತ್ತಾಗಬಹುದು.

ಕೋಣೆಯೂ ಯಂತ್ರದ ಭಾಗವೇ. ತಗಡಿನ ಮಾಡು, ಬರೀ ಗೋಡೆ, ಬರೀ ನೆಲ ಇದ್ದರೆ ಸದ್ದು ಮಾರ್ದನಿಸುತ್ತದೆ. ಶ್ರವಣ ಸಾಧನ ಟೀಚರ್ ಮಾತನ್ನೂ ಹೆಚ್ಚಿಸುತ್ತದೆ, ಆ ಗದ್ದಲವನ್ನೂ ಹೆಚ್ಚಿಸುತ್ತದೆ. ಧಾರವಾಡ ತಾಲೂಕಿನ ಒಂದು ಅಂಗನವಾಡಿಯಲ್ಲಿ ಊರಿನ ಹೆಂಗಸರು ಹಳೆಯ ಕೌದಿಗಳನ್ನು ಕೊಟ್ಟರು. ಎರಡು ಗೋಡೆಗೆ ತೂಗುಹಾಕಿದರು, ನೆಲಕ್ಕೆ ಜಮಖಾನೆ ಹಾಸಿದರು. ಮಾರ್ದನಿ ಎಷ್ಟು ಇಳಿಯಿತೆಂದರೆ ಟೀಚರ್‌ಗೆ ಕೂಗುವುದೇ ತಪ್ಪಿತು. ನಮ್ಮ ಅವ್ವಂದಿರು ಹೊಲಿದ ಕೌದಿ ಒಂದು ಮಗುವಿನ ಕಿವಿಗೆ ಹೀಗೆ ಒದಗಿಬಂದದ್ದು ನನಗೆ ಬಹಳ ಸಂತೋಷದ ವಿಷಯ.

ಇನ್ನು ಕಣ್ಣಿನ ವಿಷಯ. ಗದಗದ ಹೆಸರು ಬಂದರೆ, ಅಂಧ ಮಕ್ಕಳಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದೆ ಮುಂದೆ ಹೋಗಲು ನನ್ನಿಂದಾಗುವುದಿಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಇಬ್ಬರೂ ಈಗಿನ ಹಾವೇರಿ ಜಿಲ್ಲೆಯ ಊರುಗಳಲ್ಲಿ ಹುಟ್ಟಿದವರು, ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಪುಟ್ಟರಾಜರು 1914ರಿಂದ 2010ರವರೆಗೆ ಬಾಳಿದರು. ಎಷ್ಟು ವಾದ್ಯ ನುಡಿಸಿದರು, ಎಷ್ಟು ಬರೆದರು, ಎಷ್ಟು ಅಂಧ ಮಕ್ಕಳಿಗೆ ಅನ್ನ ಮತ್ತು ಸಂಗೀತ ಕೊಟ್ಟರು ಎಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಕಣ್ಣು ಕಾಣದ ಮಗುವಿಗೆ ಕಿವಿ ಮತ್ತು ಬೆರಳಿನಿಂದ ಪೂರ್ತಿ ಕಲಿಸಬಹುದು ಎನ್ನುವ ನಂಬಿಕೆ ಈ ಊರಿನಲ್ಲಿ ಟ್ಯಾಬ್ ಬರುವ ಎಷ್ಟೋ ಮೊದಲೇ ಬೇರು ಬಿಟ್ಟಿತ್ತು. ಆದರೂ ನಮ್ಮ ಅಂಗನವಾಡಿಗಳಲ್ಲಿ ಕಣ್ಣು ಕಾಣದ ಮೂರು ವರ್ಷದ ಮಗುವನ್ನು ಇನ್ನೂ ಮೂಲೆಯಲ್ಲಿ ಕೂರಿಸುತ್ತಾರೆ. ದೊಡ್ಡವನಾದ ಮೇಲೆ ಆಶ್ರಮಕ್ಕೆ ಕಳಿಸಿದರಾಯಿತು ಅನ್ನುತ್ತಾರೆ. ಇದು ನನಗೆ ಸಹಿಸಲಾಗದ ಮಾತು. ಬೆರಳು ಕಲಿಯುವುದು ಮೂರರಿಂದಲೇ.

ಬೆರಳಿಗೆ ಏನು ಕೊಡಬೇಕು? ಜೋಳ, ಹೆಸರು, ಅಲಸಂದಿ ಬೆರೆಸಿ ಬೇರೆ ಮಾಡಲು ಕೊಡಿ. ಮೊಟ್ಟೆಯ ಟ್ರೇ ಅಂಗನವಾಡಿಗೆ ಬರುತ್ತದೆ. ಅದನ್ನು ಎರಡು ಸಾಲು, ಮೂರು ಗುಳಿ ಬರುವಂತೆ ಕತ್ತರಿಸಿದರೆ ಬ್ರೈಲ್‌ನ ಆರು ಚುಕ್ಕಿಯ ಮನೆ ಆಯಿತು. ಗುಳಿಗೆ ನಿಂಬೆಹಣ್ಣು ಹಾಕಿ ಒಂದು, ಎರಡು, ಮೂರು ಅಂತ ಜಾಗ ಹೇಳಿಸಿ. ಲೂಯಿ ಬ್ರೈಲ್ ಈ ಚುಕ್ಕಿ ಲಿಪಿ ರೂಪಿಸಿದಾಗ ಅವನೇ ಹದಿನೈದರ ಹುಡುಗ. ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್ ಮಾಡಿದ ಆ್ಯನಿ ಎಂಬ ಸಾಧನ ಇದೆ, ಮಗು ಚುಕ್ಕಿ ಮುಟ್ಟುತ್ತಾ ಹೋದಂತೆ ಅದು ಮಾತಾಡಿ ಬ್ರೈಲ್ ಕಲಿಸುತ್ತದೆ. ಒಳ್ಳೆಯ ಕೆಲಸ. ಟ್ರೇ ಮತ್ತು ನಿಂಬೆಹಣ್ಣು ಆಡಿದ ಬೆರಳು ಅದರ ಮುಂದೆ ಕೂತರೆ ಬೇಗ ಕಲಿಯುತ್ತದೆ. ಪೂರ್ತಿ ಕುರುಡಲ್ಲದ, ಮಂದ ದೃಷ್ಟಿಯ ಮಕ್ಕಳು ಇದಕ್ಕಿಂತ ಜಾಸ್ತಿ. ಅವರಿಗೆ ಫೋನಿನ ಕ್ಯಾಮೆರಾದಲ್ಲಿ ಪುಸ್ತಕದ ಚಿತ್ರ ದೊಡ್ಡದು ಮಾಡಿ ತೋರಿಸಿ, ಕರಿ ಪಾಟಿಯ ಮೇಲೆ ದಪ್ಪ ಬಳಪದಲ್ಲಿ ಬರೆಯಿರಿ, ಕಿಟಕಿಗೆ ಬೆನ್ನು ಮಾಡಿ ಕೂರಿಸಿ.

ವೈದ್ಯರ ಹತ್ತಿರ ಹೋಗುವಾಗಲೂ ಫೋನು ಉಪಯೋಗಕ್ಕೆ ಬರುತ್ತದೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು ಅಂತಿದೆ. ಬಂದ ದಿನ ಮಗು ಅಳುತ್ತದೆ, ಇಲ್ಲ ಮಂಚದಡಿ ಸೇರುತ್ತದೆ. ಐದು ನಿಮಿಷದಲ್ಲಿ ಡಾಕ್ಟರಿಗೆ ಏನು ತಿಳಿದೀತು? ಮಗು ಆಡುವಾಗ, ಹೆಸರು ಕರೆದಾಗ, ಮೆಟ್ಟಿಲು ಹತ್ತುವಾಗ ಟೀಚರ್ ತೆಗೆದಿಟ್ಟ ಅರ್ಧ ನಿಮಿಷದ ವಿಡಿಯೋ ಅಲ್ಲಿ ಬಹಳ ಕೆಲಸ ಮಾಡುತ್ತದೆ. ಅಂಗನವಾಡಿಗಳು ಇಂಥ ಮಕ್ಕಳನ್ನು ಹೇಗೆ ಗುರುತಿಸಬೇಕು, ಹೇಗೆ ಸೇರಿಸಿಕೊಳ್ಳಬೇಕು ಎಂದು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಒಂದು ಮಾರ್ಗಸೂಚಿಯನ್ನೂ ಹೊರತಂದಿತು. ಓದಲು ಪುರಸೊತ್ತು ಯಾರಿಗಿದೆ ಅನ್ನುವುದು ಬೇರೆ ಮಾತು.

ಆ ವಿಡಿಯೋ ತಂದೆ-ತಾಯಿಯನ್ನು ಕೇಳಿಯೇ ತೆಗೆಯಬೇಕು. ಡಾಕ್ಟರಿಗೆ, ತಾಯಿಗೆ ತೋರಿಸಬೇಕು. ವಾಟ್ಸಾಪ್ ಸ್ಟೇಟಸ್‌ಗೆ ಹಾಕಬಾರದು, ಅಧಿಕಾರಿಗಳ ಗುಂಪಿಗೆ ಸಾಧನೆ ಅಂತ ಕಳಿಸಬಾರದು. ಮಕ್ಕಳ ಡಿಜಿಟಲ್ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು ಎಂದು 2023ರ ಕಾನೂನು ಹೇಳುತ್ತದೆ. ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ನೆಲಕ್ಕೆ ಬಿದ್ದು ಅಳುವ ಮಗುವಿನ ಮುಖ ಊರೆಲ್ಲ ಓಡಾಡುವುದು ಅದರ ಮಾನದ ಪ್ರಶ್ನೆ.

ಶಿಕ್ಷಕಿಯ ಸಮಯದ ಬಗ್ಗೆ ಒಂದು ಮಾತು ಹೇಳಲೇಬೇಕು. 1975ರಲ್ಲಿ ಅಂಗನವಾಡಿಗಳನ್ನು ತಂದ ಸರ್ಕಾರಿ ಯೋಜನೆ ಐಸಿಡಿಎಸ್ ಶುರುವಾದಾಗಿನಿಂದ ಅಂಗನವಾಡಿಯ ಲೆಕ್ಕ ರಿಜಿಸ್ಟರ್‌ಗಳಲ್ಲಿತ್ತು. ಈಗ ಫೋನಿನಲ್ಲಿದೆ. ಕಾರ್ಯಕರ್ತೆಯ ಕೈಗೆ ಫೋನು ಬಂದದ್ದೇ ತೂಕ, ಎತ್ತರ, ಹಾಜರಿ ತುಂಬಲು. ಹಾಗಾಗಿ ಫೋನು ಕೈಗೆತ್ತಿಕೊಂಡಾಗ ಅವರು ಮಗುವಿಗೆ ಬೆನ್ನು ಮಾಡಿರುತ್ತಾರೆ. ಇದರಲ್ಲಿ ಅವರ ತಪ್ಪೇನಿಲ್ಲ, ಕೆಲಸವೇ ಹಾಗೆ ಬಂದಿದೆ. ಮುದ್ರಿಸುವುದು, ಚಿತ್ರ ಮಾಡುವುದು, ಪ್ರಿಂಟ್ ಹಾಕಿಸುವುದು ಇದೆಲ್ಲ ಅವರ ಸ್ವಂತ ಸಂಜೆ, ಸ್ವಂತ ಡೇಟಾ, ಎಷ್ಟೋ ಸಲ ಸ್ವಂತ ದುಡ್ಡು. ತರಬೇತಿ ಕೊಡುವ ನಾವು ಇದನ್ನು ಅವರ ಪ್ರೀತಿ ಅಂತ ಹೊಗಳಿ ಸುಮ್ಮನಾಗಬಾರದು. ಪ್ರಿಂಟ್‌ಗೆ ಹಣ ಕೊಡಬೇಕು, ವಾರಕ್ಕೊಂದು ಮಧ್ಯಾಹ್ನ ಲೆಕ್ಕದ ಕೆಲಸದಿಂದ ಬಿಡುವು ಕೊಡಬೇಕು. ಧಾರವಾಡದಲ್ಲೇ ಐಐಟಿ ಇದೆ, ಐಐಐಟಿ ಇದೆ. ಅಲ್ಲಿನ ಹುಡುಗ-ಹುಡುಗಿಯರು ಒಂದು ಅಂಗನವಾಡಿಯಲ್ಲಿ ನಾಲ್ಕು ದಿನ ಕೂತರೆ, ಇಂಟರ್‌ನೆಟ್ ಬೇಡದ, ಐದಾರು ದೊಡ್ಡ ಗುಂಡಿಗಳಿರುವ, ಒತ್ತಿದರೆ ಅಕ್ಕೋರು ತುಂಬಿದ ಧ್ವನಿಯಲ್ಲೇ ಮಾತಾಡುವ, ಬಿದ್ದರೂ ಒಡೆಯದ ಒಂದು ಹಲಗೆ ಮಾ‍ಡಿಕೊಡಬಹುದು. ಅಂಥದ್ದು ನಮ್ಮ ಪ್ರತಿ ತಾಲೂಕಿಗೂ ಬೇಕು.

ಈಗ ನನ್ನನ್ನು ಹೆಚ್ಚು ಕಾಡುತ್ತಿರುವುದು ಆರು ವರ್ಷ ತುಂಬಿದಾಗ ಆಗುವುದು. ಮಗು ಒಂದನೇ ತರಗತಿಗೆ ಹೋಗುತ್ತದೆ. ನಲಿಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಇಂಥ ಮಗುವಿಗೆ ಅದು ಒಳ್ಳೆಯ ಜಾಗವೇ. ಆದರೆ ಅದರ ಚಿತ್ರದ ಕಾರ್ಡುಗಳು ಅಂಗನವಾಡಿಯ ಕಪಾಟಿನಲ್ಲೇ ಉಳಿಯುತ್ತವೆ. ಅಜ್ಜಿಯ ಧ್ವನಿ ಅಕ್ಕೋರ ಫೋನಿನಲ್ಲೇ ಉಳಿಯುತ್ತದೆ. ಎರಡು ವರ್ಷ ಕಟ್ಟಿದ ಮಾತು ಜೂನ್ ಒಂದಕ್ಕೆ ಮತ್ತೆ ಸೊನ್ನೆ.

ಹಾವೇರಿ ಕಡೆಯ, ಹತ್ತಿರದ ಕೆಲವು ಶಾಲೆಗಳು ಸೇರಿದ ಒಂದು ಕ್ಲಸ್ಟರ್‌ನಲ್ಲಿ ಕಳೆದ ವರ್ಷ ಏಪ್ರಿಲ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರನ್ನೂ ಒಂದನೇ ತರಗತಿಯ ಗುರುಗಳನ್ನೂ ಒಟ್ಟಿಗೆ ಕೂಡಿಸಿದೆವು. ಪ್ರತಿ ಮಗುವಿಗೆ ಒಂದು ಫೈಲು. ಅದರಲ್ಲಿ ಕಾರ್ಡುಗಳು, ಹೆತ್ತವರು ಒಪ್ಪಿದ ಒಂದೆರಡು ವಿಡಿಯೋ ಮತ್ತು ಧ್ವನಿಗಳಿರುವ ಮೆಮೊರಿ ಕಾರ್ಡ್, ಯಾವುದು ಇಷ್ಟ, ಯಾವುದಕ್ಕೆ ಹೆದರುತ್ತಾನೆ ಎಂದು ಬರೆದ ಒಂದು ಹಾಳೆ. ಒಬ್ಬ ಮಾಸ್ತರು ಹಾಳೆ ಓದಿ, "ಅಕ್ಕೋರ, ಸಿಟ್ಟು ಬಂದಾಗ ಇವಂಗ ಮೊದಲ ಏನ ಮಾಡಬೇಕ್ರಿ?" ಅಂತ ಕೇಳಿದರು. ಕಾರ್ಯಕರ್ತೆ ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡು ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದರು. ಆ ಮಾತು ಊಟದ ಹೊತ್ತು ಮುಗಿದರೂ ಮುಗಿದಿರಲಿಲ್ಲ. ಬರುವ ಏಪ್ರಿಲ್‌ನಲ್ಲಿ ಗದಗ, ಶಿರಹಟ್ಟಿ ಕಡೆಯ ಕ್ಲಸ್ಟರ್‌ಗಳಲ್ಲೂ ಇದನ್ನು ಮಾಡಬೇಕೆಂದಿದ್ದೇವೆ. ನಿಮ್ಮೂರಿನ ಅಂಗನವಾಡಿಯಲ್ಲಿ ಇಂಥ ಮಗು ಇದ್ದರೆ, ಫೈಲು ಈಗಲೇ ಶುರು ಮಾಡಿ.